ಅಣ್ಣ ಹಾಕಿಸಿದ ದೀಪಗಳು

ಮಾರ್ಚ್ ೧೧, ಬುಧವಾರ

ಕೈ ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ.

ಮೊನ್ನೆ ಅಣ್ಣ ನಮ್ಮ ಲಾಡ್ಜಿನ ಮುಂದಿನ ಮರಳ ಮೇಲೆ ದೊಡ್ಡ ದೀಪಗಳನ್ನು ಹಾಕಿಸಿದ, ಬಂದವರು ಕಡಲ ಪಕ್ಕ ಕೂತು ಉಣ್ಣಲಿ ಅಂತ. ಇದು ಆಮೆಮರಿಗಳು ಹೊರಬರುವ ಕಾಲ, ಬೆಳಕು ಕಂಡ ಕಡೆ ಹೋಗಿಬಿಡುತ್ತವೆ ಅಂತ ಬಡಕೊಂಡೆ. "ನೀನೊಬ್ಬಳು ದೊಡ್ಡ ಪಂಡಿತೆ" ಅಂದ. ಅತ್ತಿಗೆ ನಕ್ಕಳು.

ಇವತ್ತು ಬೆಳಗ್ಗೆ ಬಾಗಿಲು ತೆಗೆದರೆ ಮರಿಗಳು ಸಮುದ್ರ ಬಿಟ್ಟು ರಸ್ತೆಗೆ ಬಂದಿದ್ದವು. ಅಂಗೈಯಷ್ಟೂ ಇಲ್ಲದ ಜೀವಗಳು, ಗಾಡಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿ. ಅಣ್ಣ ಪೊರಕೆ ತಂದು ಕೈಗಿತ್ತ. "ರೂಮಿನವರೆಲ್ಲ ಏಳೋದ್ರೊಳಗೆ ಗುಡಿಸಿಬಿಡು." ಗುಡಿಸಿದೆ. ಬಕೆಟ್ಟಿನಲ್ಲಿ ಒಂದು ಇನ್ನೂ ಕಾಲಾಡಿಸುತ್ತಿತ್ತು. ಓಡಿಹೋಗಿ ನೀರಿಗೆ ಬಿಟ್ಟೆ. ಅಲೆ ವಾಪಸ್ ತಂದು ಹಾಕಿತು.

ತಿಂಡಿ ಹೊತ್ತಿಗೆ ಮಹಡಿ ರೂಮಿನ ಹೆಂಗಸು ಕೇಳಿದರು: "ಕೋಟೆ, ದೀಪಸ್ತಂಭ ಎಲ್ಲ ನೋಡಿಯಾಯ್ತು. ಆಮೆ ಎಲ್ಲಿ ನೋಡಬಹುದು?"

"ಎಲ್ಲೂ ಹೋಗೋದು ಬೇಡ ಮೇಡಂ, ನಮ್ಮ ಬಾಗಿಲಿಗೇ ಬರ್ತವೆ!" ಅಂತ ಅಣ್ಣ ಎದೆಯುಬ್ಬಿಸಿದ.

ನನಗೆ ತಡೆಯಲಾಗಲಿಲ್ಲ. "ಬಂದಿದ್ವು. ಬೆಳಗ್ಗೆ ನಾನೇ ಗುಡಿಸಿ ಹಾಕಿದೆ" ಅಂದೆ.

ಅವರು ತಟ್ಟೆ ಸರಿಸಿ ಎದ್ದರು. ಮಧ್ಯಾಹ್ನದೊಳಗೆ ರೂಮು ಖಾಲಿ.

"ಉಂಡ ಮನೆಗೇ ಎರಡು ಬಗೆದೆಯಲ್ಲ" ಅಂದ ಅಣ್ಣ. ಉಂಡ ಮನೆಯಂತೆ! ಅಪ್ಪ ಕಟ್ಟಿದ ಲಾಡ್ಜು ಇದು, ನಾನು ಹುಟ್ಟಿದ್ದೂ ಇಲ್ಲೇ.

ಸಂಜೆ ಸ್ವಿಚ್ಚಿನ ಡಬ್ಬಿಗೆ ಬೀಗ ಜಡಿದ. ದೀಪ ಉರಿಯುತ್ತಲೇ ಇದೆ. ಮರಳೊಳಗೆ ಇನ್ನೂ ಎಷ್ಟು ಮೊಟ್ಟೆ ಒಡೆಯುವುದಿದೆಯೋ. ಅವನು ಕೀಲಿಯನ್ನು ದಿಂಬಿನಡಿ ಇಟ್ಟುಕೊಂಡು ಗೊರಕೆ ಹೊಡೆಯುವುದು ಗೋಡೆಯಾಚೆಯಿಂದ ಕೇಳುತ್ತಿದೆ. ಒಡಹುಟ್ಟಿದವನ ಮೇಲೆ ಇಷ್ಟು ಹೇಸಿಗೆ ಹುಟ್ಟಬಹುದು ಅಂತ ನನಗೆ ಗೊತ್ತಿರಲಿಲ್ಲ.