ಉಳಿದ ಮೂರು ಸೋಮವಾರ

೪-೬-೭೯, ಸೋಮವಾರ

ಮುಸುರೆ ತೊಳೆದಿಟ್ಟು ಚೀಲ ಹಿಡಿದೆ. ಅತ್ತೆ ಬಾಗಿಲಿಗೆ ಕಾಲು ಚಾಚಿ ಕೂತರು.

"ಎಲ್ಲಿಗೆ?"

"ಹರಿಹರಕ್ಕೆ."

"ಸಾವಾದ ಮನೆಯೋರು ವರ್ಷ ತುಂಬೋತನಕ ಗುಡಿ ಮೆಟ್ಲು ಹತ್ತಬಾರದು. ಗೊತ್ತಿಲ್ಲೇನು?"

ಗೊತ್ತು. ನನ್ನ ಯಜಮಾನರು ಹೋಗಿ ನಲವತ್ತು ದಿನ. ಆದರೆ ಹರಕೆ ಇವರದು. ನಾನು ಕಾಮಾಲೆಯಾಗಿ ಮಲಗಿದ್ದಾಗ ಹೊತ್ತದ್ದು — ಇಪ್ಪತ್ತೊಂದು ಸೋಮವಾರ, ನನ್ನ ಹೆಸರಲ್ಲಿ ಹರಿಹರೇಶ್ವರನಿಗೆ ಹೂವು. ನಾನು ಎದ್ದೆ. ನಾನು ಎದ್ದೆ. ಇವರು ಮಿಲ್ಲಿನಲ್ಲಿ ಕುಸಿದರು. ಮೂರು ಉಳಿದಿವೆ.

ಹಿರಿಯರ ಕಾಲು ದಾಟಬಾರದು. ದಾಟಿದೆ.

ಹೂವಿನ ಸುಗ್ರಾಬಿ ಎಂದಿನಂತೆ, "ಬರ್ರಿ ಅಕ್ಕಾ, ಅಣ್ಣಾರೆಲ್ಲಿ?" ಅಂದಳು. ಬರಿ ಹಣೆ ನೋಡಿದಳು. ಬಿಲ್ವ ಒಂದು ಕಡೆ, ತುಳಸಿ ಒಂದು ಕಡೆ ಕಟ್ಟಿದಳು — ದೇವರು ಅರ್ಧ ಶಿವ, ಅರ್ಧ ವಿಷ್ಣು. ನನಗೆ ಮುಡಿಯಲು ಎತ್ತಿದ್ದ ಮಲ್ಲಿಗೆ ತುಂಡನ್ನು ಬುಟ್ಟಿಗೆ ವಾಪಸ್ ಹಾಕಿದಳು.

ಪೂಜಾರರು ಕೇಳಿದರು, "ಯಾರ ಹೆಸರಿಗಮ್ಮ?" ಯಾವಾಗಲೂ ನನ್ನ ಹೆಸರು ಹೇಳುತ್ತಿದ್ದವರು ಇವರು.

"ದೇವರ ಹೆಸರಿಗೇ ಮಾಡ್ರಿ."

ಹೊರಗೆ ಮೈಲಪ್ಪನ ಮಂಡಕ್ಕಿ-ಮಿರ್ಚಿ ಗಾಡಿ. ಪ್ರತಿಸಲ ಒಂದು ಮಿರ್ಚಿ ಮುರಿದು ತುದಿ ನನಗೆ, ತೊಟ್ಟಿನ ಕಡೆ ಇವರಿಗೆ... ನಿಲ್ಲಲಾಗಲಿಲ್ಲ. ಬಸ್ ಹತ್ತಿದೆ.

೧೧-೬-೭೯

ಇವತ್ತೂ ದೇವರ ಹೆಸರೇ. ದಾವಣಗೆರೆಗೆ ಬಂದು ಇಳಿದಾಗ ಮಧ್ಯಾಹ್ನ. ಅತ್ತೆ ಕಾಯುತ್ತಿದ್ದರು.

"ನಿನ್ನ ಆಯುಸ್ಸಿಗೆ ಹೂವು ಏರಿಸಿ ಬಂದೇನು? ನನ್ನ ಮಗ ಹೋದ. ನೀನ್ಯಾಕ ಉಳಕಂಡೆ?"

ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

೨೫-೬-೭೯, ಸಂಜೆ ೫

ಹೋದ ಸೋಮವಾರ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದಿದ್ದೆ. ಇವತ್ತು ಹೋದೆ.

"ಯಾರ ಹೆಸರಿಗಮ್ಮ?"

"ಯಲ್ಲಕ್ಕ."

"ನಕ್ಷತ್ರ?"

"ಗೊತ್ತಿಲ್ಲರಿ." ಇವರೂ ಹದಿನೆಂಟು ಸಲ ಹೀಗೇ ಹೇಳಿದ್ದರು. "ಹಿಂದಿನ ಎರಡು ಸೋಮವಾರಾನೂ ನನ್ನ ಹೆಸರಿಗೇ ಸೇರಿಸ್ರಿ."

ಪೂಜಾರರು ನಕ್ಕರು. "ಕೊಟ್ಟಿದ್ದನ್ನ ದೇವರ ಕಡೆಯಿಂದ ವಾಪಸ್ ಇಸ್ಕೊಳ್ತೀರೇನಮ್ಮ?"

"ಹೂಂ. ನನ್ನವು."

ಮೈಲಪ್ಪನ ಗಾಡಿಗೆ ಹೋದೆ. ಸುತ್ತ ಗಂಡಸರು. "ಇನ್ನರ್ಧ ಏನ್ ಮಾಡ್ಲಿ ಅಕ್ಕಾರ?" ಅಂದ, ಪಾಪ. ಪೂರ್ತಿ ಒಂದು ಇಸ್ಕೊಂಡು ನಿಂತೇ ತಿಂದೆ. ತೊಟ್ಟಿನ ಕಡೆ ಬೆಂಕಿ. ಇದನ್ನು ತಿಂದು ಇವರು ಅಷ್ಟು ದಿನ ಹೇಗೆ ಮಾತಾಡಿಕೊಂಡು ಬಂದರೋ...

ಸುಗ್ರಾಬಿಗೆ ಮಲ್ಲಿಗೆ ಕೇಳಿದೆ.

"ಮುಡೀತೀರಾ?"

"ಮುಡೀತೀನಿ."

ಮೊಳ ಅಳೆದಳು. ಮೇಲೆ ಒಂದು ಗೇಣು ಬಿಟ್ಟು ಕತ್ತರಿಸಿದಳು.

ಅತ್ತೆ ಈಗ ನನ್ನ ಬೆನ್ನ ಹಿಂದೆ ನಿಂತಿದ್ದಾರೆ. ಹೂವು ಕಂಡಿದೆ. ಯಾಕೆ ಉಳಿದೆ ಅಂತ ಕೇಳಿದರಲ್ಲ, ತಿರುಗಿ ಹೇಳುತ್ತೇನೆ — ನಿಮ್ಮ ಮಗ ಬೇಡಿಕೊಂಡದ್ದಕ್ಕೆ, ಅತ್ತೆ. ಈ ಹೂವು ನಾನು ತೆಗೆಯುವುದಿಲ್ಲ.