ಊರ ಬಾವಿಯ ಹಗ್ಗ

ಹಡಗಲಿ ತಾಲ್ಲೂಕು, ೧೯೭೯

ಅವ್ವಾ,

ಇವತ್ತು ಬಳ್ಳಾರಿಯಿಂದ ನಾಗರಿಕ ಹಕ್ಕು ಜಾರಿ ಘಟಕದ ಪೊಲೀಸರು ಊರ ಬಾವಿಗೆ ಬಂದಿದ್ದರು. ನಮ್ಮ ಕೇರಿಯವರನ್ನು ತಡೆದರೆ ಜೈಲು ಎಂದು ಊರವರಿಗೆ ಹೇಳಿ, ಇನ್ಸ್‌ಪೆಕ್ಟರು ಹಗ್ಗವನ್ನು ನನ್ನ ಕೈಗೆ ಕೊಟ್ಟರು. “ನೀವ ಸೇದ್ರಿ ದುರುಗಮ್ಮ, ಯಾರೂ ಏನೂ ಅನ್ನಂಗಿಲ್ಲ.”

ಹಗ್ಗ ಕೈಜಾರಿ ಕೊಡ ಬಾವಿಗೆ ಬಿತ್ತು. ಬೇರೆಯವರು ಸೇದಿ ಮೇಲಿಂದ ಹೊಯ್ದ ನೀರಿಗೆ ಕೊಡ ಒಡ್ಡಿ ಬೆಳೆದವಳು ನಾನು. ರಾಟೆಯ ಹಗ್ಗ ಹಿಡಿದದ್ದು ಇದೇ ಮೊದಲು. ಗೌಡರ ಮನೆಯ ಈರಕ್ಕ, “ಅಯ್ಯ, ಸೇದಾಕೂ ಬರಂಗಿಲ್ಲಲ್ಲ ಇಕಿಗೆ” ಎಂದು ನಕ್ಕಳು.

ನಿನ್ನದೇ ಕೊಡ ಅದು. ಎಲ್ಲಿ ಬಿತ್ತೆಂದು ಕಟ್ಟೆ ಹತ್ತಿ ಬಗ್ಗಿ ನೋಡಿದೆ. ಒಳಗೋಡೆಯ ಸಂದುಗಳಲ್ಲಿ ಪಾರಿವಾಳಗಳು ಗೂಡು ಕಟ್ಟಿವೆ, ಅವ್ವಾ. ಸಾಯುವ ತನಕ ಆ ನೀರನ್ನೇ ಕುಡಿದೆ ನೀನು; ನಿನಗೂ ಇದು ಗೊತ್ತಿರಲಿಕ್ಕಿಲ್ಲ.