ಸೀಮೆ ಟಗರು, ಕರಿ ಉಣ್ಣೆ

12-11-1973, ಕುರುಗೋಡು

ಟಗರಿಗೆ ಕಡಲೆ ನೆನೆಹಾಕಿದೆ. ಗೋಣಿಚೀಲ ತೋಯಿಸಿ ಬಾಗಿಲಿಗೆ ಕಟ್ಟಿದೆ. ಸರ್ಕಾರಿ ಫಾರಂನಿಂದ ಬಂದ ಸೀಮೆ ಟಗರು. ಅಚ್ಚ ಬಿಳಿ, ಮೈತುಂಬ ಉಣ್ಣೆ, ಮೈತುಂಬ ಗರ್ವ. ನನಗೆ ಪಶು ಆಸ್ಪತ್ರೆಯ ಸ್ಟಾಕ್‌ಮನ್ ಕೆಲಸ ಕೊಟ್ಟರೋ, ಇದರ ಚಾಕರಿಗೆ ಇಟ್ಟರೋ! ಬಳ್ಳಾರಿಗೆ ಟ್ರಾನ್ಸ್‌ಫರ್ ಕೇಳಿ ಕೇಳಿ ಸಾಕಾಗಿದೆ. ಹೆಂಡತಿ ಕೌಲ್ ಬಜಾರಿನಲ್ಲಿ ತವರಿನವರ ಜತೆ, ನಾನಿಲ್ಲಿ ಟಗರಿನ ಜತೆ.

ಮಧ್ಯಾಹ್ನ ಮಲ್ಲಯ್ಯನ ಕುರಿಹಟ್ಟಿಗೆ ಹೋದೆ. ಡಾಕ್ಟರ್ ವಿರೂಪಾಕ್ಷಪ್ಪನವರ ಆರ್ಡರ್ — ಸೀಮೆ ಟಗರು ಬಿಡುವ ಹಿಂಡಿನಲ್ಲಿ ನಾಡ ಟಗರು ಇರಕೂಡದು. ಮಲ್ಲಯ್ಯನ ಕರಿ ಟಗರಿನ ಬೀಜ ಒಡೆದು, ಸೀಮೆ ಟಗರನ್ನು ಅವನ ಕರಿ ಕುರಿಗಳ ಹಿಂಡಿಗೆ ಬಿಟ್ಟೆ. ಅವನ ಹೆಂಡತಿ ಮಾರೆಮ್ಮ ಉಣ್ಣೆ ನೂಲುತ್ತ ಕೂತಿದ್ದಳು. ಈ ಕಡೆ ನೋಡಲಿಲ್ಲ.

"ಸೀಮೆ ಟಗರಿನ ಮರಿ ಡಬಲ್ ಉಣ್ಣಿ ಕೊಡತಾವ ಮಾರೆಮ್ಮಾ" ಅಂದೆ.

"ಕರೀವು ಹುಟ್ಟತಾವೇನ್ರಿ ಸಾಹೇಬ್ರ?"

"ಹುಟ್ಟತಾವ ಬಿಡವ್ವ."

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಬಿಸಿಲು, ಹಸಿವು...

20-4-1974

ಒಂದೂ ಕರಿ ಇಲ್ಲ. ಹುಟ್ಟಿದ್ದೆಲ್ಲ ಬಿಳಿ.

"ನಿಮ್ಮ ಟಗರು ನಮ್ಮ ಹಿಂಡಿಗೆ ಸುಣ್ಣಾ ಬಳದು ಹೋತಲ್ರಿ" ಅಂದಳು ಮಾರೆಮ್ಮ. ನಗು ಬಂತು, ಆಮೇಲೆ ವಿಷಯ ತಿಳಿಯಿತು. ಅವಳ ಮಗಳು ಹೊನ್ನೂರಮ್ಮನನ್ನು ಬಾದನಹಟ್ಟಿಗೆ ಕೊಡುವುದು ನಿಶ್ಚಯವಾಗಿದೆ. ಇವರ ಮನೆತನದಲ್ಲಿ ಮದುಮಕ್ಕಳು ಕೂರುವ ಕಂಬಳಿ ಕರಿಯದೇ ಆಗಬೇಕು. ತಾಯಿ ನೂಲಬೇಕು, ತಂದೆ ನೇಯಬೇಕು, ಉಣ್ಣೆ ಸ್ವಂತ ಹಿಂಡಿನದಾಗಿರಬೇಕು. ಬಣ್ಣ ಹಾಕುವಂತಿಲ್ಲ. ದೊಡ್ಡ ಕುರಿಗಳ ಉಣ್ಣೆ ಬಿಸಿಲಿಗೆ ಕೆಂಚಾಗಿರುತ್ತದೆ, ನಡೆಯುವುದಿಲ್ಲ. ಎಳೆಮರಿಯ ಮೊದಲ ಉಣ್ಣೆಯೇ ಬೇಕಂತೆ.

ಮೊದಲೇ ಹೇಳಬಾರದಿತ್ತೆ? ಕೇಳಿದ್ದಳಲ್ಲ, ಕರೀವು ಹುಟ್ಟತಾವೇನು ಅಂತ. ಹುಟ್ಟತಾವ ಅಂದವನು ನಾನೇ.

9-5-1974

ಟಗರು ಸತ್ತಿತು. ನೀರು ಸುರಿದೆ, ಗಾಳಿ ಬೀಸಿದೆ. ತೇಕಿ ತೇಕಿ ಹೋಯಿತು, ಪಾಪ. ಆಫೀಸಿನಿಂದ ಎಕ್ಸ್‌ಪ್ಲನೇಷನ್ ಕೇಳಿದ್ದಾರೆ. ಬಳ್ಳಾರಿ ಬಿಸಿಲಿಗೆ ಎಕ್ಸ್‌ಪ್ಲನೇಷನ್ ನಾನು ಕೊಡಬೇಕಂತೆ!

3-8-1975

ಬೇರೆ ಸೀಮೆ ಟಗರು ಬರಲೇ ಇಲ್ಲ. ಮಲ್ಲಯ್ಯ ಹೋದ ವರ್ಷ ಸಿರುಗುಪ್ಪ ಕಡೆಯಿಂದ ಒಂದು ಕರಿ ಟಗರು ತಂದಿದ್ದ. ಹಿಂಡಿಗೆ ಬಿಡುವ ಮೊದಲೇ ಬೇನೆ ಬಂದು ಸತ್ತಿತು. ಮದುವೆ ಎರಡು ಸಲ ಮುಂದಕ್ಕೆ ಹೋಗಿದೆ. ಬರುವ ಬೇಸಿಗೆಗೂ ಆಗದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಅಂದಿದ್ದಾರೆ ಬೀಗರು.

ಇವತ್ತು ಹೋಗಿ ಹೇಳಿದೆ — ಸೀಮೆ ಟಗರಿಗೆ ಹುಟ್ಟಿದ ಬಿಳಿ ಮರಿಯಲ್ಲಿ ಒಂದು ಈಗ ಬೆಳೆದು ಟಗರಾಗಿದೆ, ಅದನ್ನೇ ಕರಿ ಕುರಿಗಳಿಗೆ ಬಿಡಿ. ಅದರ ತಾಯಿ ಕರಿ. ಕರಿ ಒಳಗೆ ಅಡಗಿರುತ್ತದೆ, ಸಾಯುವುದಿಲ್ಲ. ಹುಟ್ಟುವುದರಲ್ಲಿ ಅರ್ಧದಷ್ಟಾದರೂ ಕರಿ ಇರಬೇಕು. ಟ್ರೇನಿಂಗಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು.

"ಬಿಳೀದರ ಹೊಟ್ಟ್ಯಾಗ ಕರೀದೈತೇನ್ರಿ? ಎಷ್ಟ್ ಸಲ ಮಂಗ್ಯಾ ಮಾಡ್ತೀರಿ ನಮ್ಮನ್ನ?" ಅಂದಳು ಮಾರೆಮ್ಮ.

ಮಲ್ಲಯ್ಯ ಬೀಡಿ ಆರಿಸಿದ. "ಬಿಡೋಣ ತಗೋ. ಈಗೇನ್ ಬ್ಯಾರೆ ದಾರಿ ಐತಿ?"

ಟ್ರೇನಿಂಗಿನವರು ಹೇಳಿದ್ದು ಸುಳ್ಳಾದರೆ ಇವರ ಮುಖ ಹೇಗೆ ನೋಡಲಿ?

2-1-1976

ಟ್ರಾನ್ಸ್‌ಫರ್ ಬಂತು. ಬಳ್ಳಾರಿ, ಕಂಟೋನ್ಮೆಂಟ್ ಹತ್ತಿರ. ಐದನೇ ತಾರೀಖು ರಿಲೀವ್. ಕುಣಿಯಬೇಕಿತ್ತು. ಆದೇಶ ದಿಂಬಿನ ಕೆಳಗಿಟ್ಟು ಮಲಗಿಬಿಟ್ಟೆ.

ಸಂಜೆ ಬಾವಿಯ ಹತ್ತಿರ ಹೊನ್ನೂರಮ್ಮ ಸಿಕ್ಕಳು. "ಹೊಂಟೀರಂತಲ್ರಿ? ನಮ್ಮವ್ವ ದಿನಾ ಕುರಿ ಹೊಟ್ಟಿ ಮುಟ್ಟಿ ಮುಟ್ಟಿ ನೋಡ್ತಾಳ್ರಿ." ಕೊಡ ಎತ್ತಿಕೊಂಡು ಹೋದಳು.

5-1-1976, ಬೆಳಿಗ್ಗೆ, ಮಲ್ಲಯ್ಯನ ಹಟ್ಟಿ

ಟ್ರಂಕು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿಟ್ಟು ಬಂದೆ. ಹತ್ತಕ್ಕೆ ಬಸ್ಸು. ಕುರಿಗಳು ಈಯಲು ಶುರು ಮಾಡಿವೆ.

ಮೊದಲನೆಯದು ಬಿಳಿ. ಎರಡನೆಯದೂ ಬಿಳಿ.

"ಬಸ್ಸಿಗೆ ಹೊತ್ತಾತು, ಹೋಗ್ರಿ ಸಾಹೇಬ್ರ" ಅಂದಳು ಮಾರೆಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲೇ

ಬಸ್ಸು ಹೋಯಿತು. ಹಾರ್ನ್ ಕೇಳಿಸಿತು, ಏಳಲಿಲ್ಲ. ಹೆಂಡತಿ ಬಳ್ಳಾರಿ ಬಸ್‌ಸ್ಟ್ಯಾಂಡಿಗೆ ಬಂದು ಕಾಯುತ್ತಿರುತ್ತಾಳೆ...

ಮೂರನೆಯದು ಬಿತ್ತು. ಲೋಳೆ ಮುಚ್ಚಿ ಏನೂ ತಿಳಿಯಲಿಲ್ಲ. ಮಾರೆಮ್ಮ ಸೆರಗಿನಿಂದ ಒರೆಸಿದಳು. ಕರಿ. ನಂಬದೆ ಮತ್ತೆ ಒರೆಸಿದಳು. ಕಿವಿ, ಹೊಟ್ಟೆ, ಗೊರಸಿನ ತನಕ ಕರಿ. ಮರಿಯನ್ನು ಮಡಿಲಿಗೆ ಹಾಕಿಕೊಂಡು ಗೊಳೋ ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ.

"ಖರೇನ ಒಳಗಿತ್ರೀ ಇದು" ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಒಂದು ಮರಿ ಉಣ್ಣಿಗೆ ಕಂಬಳಿ ಆಗಂಗಿಲ್ಲ."

ಗೊತ್ತು. ಹತ್ತಾರು ಕುರಿ ಇನ್ನೂ ಈಯಬೇಕು. ಮಲ್ಲಯ್ಯ ಬೇಲಿಯ ಕಡೆಯಿಂದ ಕೂಗುತ್ತಿದ್ದಾನೆ — "ಇನ್ನೊಂದು ಬಂತು, ಲಗೂ ಬರ್ರಿ!" ಮಾರೆಮ್ಮ ಕರಿ ಮರಿಯನ್ನು ನನ್ನ ತೊಡೆಯ ಮೇಲೆ ಹಾಕಿ ಓಡಿದಳು. ಬೆಚ್ಚಗಿದೆ, ಒದ್ದಾಡುತ್ತಿದೆ. ಒಂದೇ ಕೈಯಲ್ಲಿ ಬರೆಯಲು ಆಗ—